ಡಿಜಿ ಹೊಂದಿಸಲು ಯಾವುದು ಸರಿ: ರನ್‌ವೇಯೋ, ಕಂಪಾಸೋ, ಜಿಪಿಎಸ್ಸೋ?

ಸೆಸ್ನಾ 172ರಂಥ ಸಣ್ಣ ವಿಮಾನದಲ್ಲಿ ಮೂಗಿನ ದಿಕ್ಕು ತೋರಿಸುವ, ಸುತ್ತುವ ಚಕ್ರದ ಉಪಕರಣವೇ ಡಿಜಿ, ಅಂದರೆ ಡೈರೆಕ್ಷನಲ್ ಗೈರೊ. ಅದಕ್ಕೆ ಉತ್ತರ ಯಾವ ಕಡೆ ಎಂದು ಗೊತ್ತಿರುವುದಿಲ್ಲ. ನಾವು ಕೂರಿಸಿದಲ್ಲಿ ಕೂತು, ಆಮೇಲೆ ಮೆಲ್ಲಗೆ ಸರಿಯುತ್ತದೆ. ಚಿಕ್ಕಬಳ್ಳಾಪುರದ 13.4 ಡಿಗ್ರಿ ಅಕ್ಷಾಂಶದಲ್ಲಿ ಭೂಮಿ ತಿರುಗುವುದರಿಂದಲೇ ಗಂಟೆಗೆ ಸುಮಾರು 3.5 ಡಿಗ್ರಿ ವ್ಯತ್ಯಾಸ ಬರುತ್ತದೆ. ಬೇರಿಂಗ್ ಸವೆದಿದ್ದರೆ ಇನ್ನೂ ಜಾಸ್ತಿ. ಹಾಗಾಗಿ 15 ನಿಮಿಷಕ್ಕೊಮ್ಮೆ ಹೊಂದಿಸಲೇಬೇಕು.

ಹೊರಡುವಾಗ ರನ್‌ವೇಯೇ ಮೇಲು. ನಡುಗೆರೆಯ ಮೇಲೆ ಮೂಗು ನೇರ ಮಾಡಿ ಹೊಂದಿಸಿ. ಆದರೆ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ 08ನೇ ರನ್‌ವೇಯಲ್ಲಿ ನಿಂತು ಕಣ್ಣುಮುಚ್ಚಿ 080 ಡಿಗ್ರಿ ಇಡಬೇಡಿ. ಆ ಸಂಖ್ಯೆ ರನ್‌ವೇಯ ದಿಕ್ಕನ್ನು ಹತ್ತಿರದ ಹತ್ತು ಡಿಗ್ರಿಗೆ ಸರಿಹೊಂದಿಸಿ ಬರೆದದ್ದು, 5 ಡಿಗ್ರಿವರೆಗೂ ತಪ್ಪಿರಬಹುದು. ನಿಲ್ದಾಣದ ಚಾರ್ಟ್‌ನಲ್ಲಿರುವ ಮ್ಯಾಗ್ನೆಟಿಕ್ ದಿಕ್ಕನ್ನೇ, ಅಂದರೆ ಕಂಪಾಸ್ ಉತ್ತರದಿಂದ ಅಳೆದದ್ದನ್ನೇ ಇಡಿ.

ಮೇಲೇರಿದ ಮೇಲೆ ನಮ್ಮ ಆಯ್ಕೆ ಕಂಪಾಸ್. ರೆಕ್ಕೆ ಸಮ, ಎತ್ತರ ಸಮ, ವೇಗ ಸ್ಥಿರ. ಅರ್ಧ ನಿಮಿಷ ಹಾಗೇ ಹಿಡಿದು, ಕಂಪಾಸಿನೊಳಗಿನ ಅಂಕಿಗಳ ಕಾರ್ಡ್ ನಿಂತ ಮೇಲೆ ಓದಿ. ವಿಮಾನದ ಲೋಹ, ವಿದ್ಯುತ್ತಿನಿಂದ ಕಂಪಾಸ್‌ಗೆ ಬರುವ ತಪ್ಪನ್ನು ಬರೆದಿರುವ ಪಕ್ಕದ ಡೀವಿಯೇಷನ್ ಕಾರ್ಡ್ ನೋಡಿ ತಿದ್ದಿ, ಆಮೇಲೆ ಡಿಜಿಯ ನಾಬ್ ಒತ್ತಿ ತಿರುಗಿಸಿ. ತಿರುಗುವಾಗ, ವೇಗ ಬದಲಾಗುವಾಗ ಕಂಪಾಸ್ ತಪ್ಪು ತೋರುವ ದೋಷ ಯುರೋಪಿನ ಪಠ್ಯಗಳು ಹೆದರಿಸುವಷ್ಟು ಇಲ್ಲಿಲ್ಲ. ಸೂಜಿ ನೆಲದತ್ತ ಬಾಗದೆ ಸಮತಲವಾಗಿ ನಿಲ್ಲುವ ರೇಖೆ, ಮ್ಯಾಗ್ನೆಟಿಕ್ ಈಕ್ವೇಟರ್, ದಕ್ಷಿಣ ಭಾರತದ ತುದಿಯ ಹತ್ತಿರವೇ ಹಾಯುವುದರಿಂದ ಇಲ್ಲಿ ಆ ಬಾಗು ಕಡಿಮೆ. ಇಲ್ಲಿ ಕಾಡುವುದು ಬೇರೆ: ಏಪ್ರಿಲ್ ಮಧ್ಯಾಹ್ನ ನಂದಿಬೆಟ್ಟದ ಬಂಡೆ ಕಾದಾಗ ಏಳುವ ಕುಲುಕಾಟ. ಆಗ ಕಾರ್ಡ್ ಅತ್ತಿತ್ತ ಎಷ್ಟು ಹೊಯ್ದಾಡುತ್ತದೋ ಅದರ ನಡುವಿನ ಅಂಕಿ ಹಿಡಿಯಿರಿ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಮೊಬೈಲ್ ಅಥವಾ ಹೆಡ್‌ಸೆಟ್ ಇನ್ನೊಂದು ಶತ್ರು. ಓದುವ ಮುನ್ನ ತೆಗೆದಿಡಿ.

ಜಿಪಿಎಸ್ ಅಂಕಿ ನೋಡಲು ಚಂದ, ಹೊಂದಿಸಲು ಬೇಡ. ಅದು ತೋರಿಸುವುದು ವಿಮಾನ ಸಾಗುವ ದಾರಿ, ಮೂಗಿನ ದಿಕ್ಕಲ್ಲ. 90 ನಾಟ್‌ನಲ್ಲಿ ಹಾರುವಾಗ 15 ನಾಟ್ ಅಡ್ಡಗಾಳಿ ಇದ್ದರೆ ಎರಡರ ನಡುವೆ ಹತ್ತಿರ ಹತ್ತು ಡಿಗ್ರಿ ಅಂತರ. ಮುಂಗಾರಿನ ಪಶ್ಚಿಮ ಗಾಳಿಯಲ್ಲಿ ಉತ್ತರಕ್ಕೆ ಗೌರಿಬಿದನೂರು ಕಡೆ ಹೊರಟವರಿಗೆ ಇದು ದೊಡ್ಡ ಮೋಸ.

ರೆಕ್ಕೆಯಲ್ಲಿ ಭೂಮಿಯ ಕಾಂತದ ದಿಕ್ಕು ಗ್ರಹಿಸುವ ಫ್ಲಕ್ಸ್ ವಾಲ್ವ್ ಇರುವ ಸ್ಲೇವ್ಡ್ ಗೈರೊ ತಾನೇ ಹೊಂದಿಕೊಳ್ಳುತ್ತದೆ. ದುಡ್ಡಿದ್ದರೆ ಅದೇ ಉತ್ತಮ. ಹ್ಯಾಂಗರ್‌ನ ಕಬ್ಬಿಣದ ಪಕ್ಕ ನಿಂತಾಗ ಮಾತ್ರ ಅದರ ಮಾತು ನಂಬಬೇಡಿ.

ಹೊಂದಿಸಿದ ಐದೇ ನಿಮಿಷಕ್ಕೆ ಡಿಜಿ ಮತ್ತೆ ತಪ್ಪಿದರೆ ಮೊದಲು ಗೈರೊ ಸುತ್ತಿಸುವ ಗಾಳಿಯ ಎಳೆತ ತೋರಿಸುವ ಸಕ್ಷನ್ ಗೇಜ್ ನೋಡಿ. ಪಾದರಸದ 4.5 ಇಂಚಿಗಿಂತ ಕೆಳಗಿದ್ದರೆ ಗೈರೊ ಸಾಕಷ್ಟು ವೇಗದಲ್ಲಿ ಸುತ್ತುತ್ತಿಲ್ಲ. ಗೇಜ್ ಸರಿಯಿದ್ದು, ವಿಮಾನ ತಿರುಗಿದರೂ ಡಿಜಿ ಕದಲದಿದ್ದರೆ, ಒತ್ತಿದ ನಾಬ್ ಹೊರಗೆ ಬಂದಿಲ್ಲ. ಎಳೆದು ಬಿಡಿಸಿ, ಮತ್ತೆ ಕಂಪಾಸ್‌ಗೆ ಹೊಂದಿಸಿ.