ಮಂಗಳೂರಿನ ಐಟಿಐ ಒಂದರ ಎಲೆಕ್ಟ್ರಿಷಿಯನ್ ತರಬೇತಿ: ಪೋಷಕಿಯ ಅಭಿಪ್ರಾಯ

ಎಸ್ಸೆಸ್ಸೆಲ್ಸಿಯ ನಂತರ ನನ್ನ ಮಗಳು ನಗರದ ಐಟಿಐ ಒಂದರಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ತರಬೇತಿಯನ್ನು ಇತ್ತೀಚೆಗೆ ಪೂರೈಸಿದಳು. ಕಾರ್ಯಾಗಾರದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ: ಮನೆಯ ವೈರಿಂಗ್‌ನಿಂದ ಮೋಟಾರ್ ವೈಂಡಿಂಗ್‌ವರೆಗೆ ಪ್ರತಿಯೊಂದನ್ನೂ ಮಕ್ಕಳ ಕೈಯಿಂದಲೇ ಮಾಡಿಸುತ್ತಾರೆ.

ತರಗತಿಯ ಸ್ವರೂಪವೇ ವಿಶೇಷವಾದುದು. ಬೆಂಗ್ರೆಯ ಮೀನುಗಾರರ ಮಕ್ಕಳು, ಬಂಟ್ವಾಳದ ಕಡೆಯ ಬೀಡಿ ಕಟ್ಟುವ ತಾಯಂದಿರ ಮಕ್ಕಳು, ಬಾಗಲಕೋಟೆ, ಕೊಪ್ಪಳಗಳಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿಯೇ ನೆಲೆಸಿದವರ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ತುಳು, ಬ್ಯಾರಿ, ಕೊಂಕಣಿ, ಕನ್ನಡಗಳಲ್ಲಿ ಮಾತನಾಡುತ್ತಾರೆ. ಹುಡುಗಿಯರು ಮಾತ್ರ ಬೆರಳೆಣಿಕೆಯಷ್ಟು. ಇದು ನನಗೆ ಬೇಸರ ತಂದ ಸಂಗತಿ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಮುಂದಿದ್ದ ಹಲವರು, ಕಂಪ್ಯೂಟರ್‌ನಲ್ಲಿ ಬರೆಯಬೇಕಾದ ಥಿಯರಿ ಪರೀಕ್ಷೆಯಲ್ಲಿ ಎಡವಿದರು. ಓಮ್‌ನ ನಿಯಮ ಅವರಿಗೆ ತಿಳಿಯದೆ ಇರಲಿಲ್ಲ. ಹೈಸ್ಕೂಲಿನಲ್ಲಿಯೇ ಹಿಂದೆ ಬಿದ್ದ ಗಣಿತ ಮತ್ತು ರಾತ್ರಿಪಾಳಿಯ ದುಡಿಮೆ ಅವರನ್ನು ಕೆಳಕ್ಕೆ ಎಳೆದಿದ್ದವು. ಅಂಥವರಿಗೆ ಸಂಜೆಯ ಗಣಿತ ತರಗತಿಯನ್ನು ನಡೆಸಿರೆಂದು ನಾವು ಪೋಷಕರು ಎರಡು ಬಾರಿ ಕೇಳಿದರೂ ಅದು ಆರಂಭವಾಗಲಿಲ್ಲ. ಸೂಚನಾ ಫಲಕದಲ್ಲಿ ಒಟ್ಟು ಫಲಿತಾಂಶವನ್ನಷ್ಟೇ ಹಾಕುತ್ತಾರೆ. ಸೇರಿದವರಲ್ಲಿ ಎಷ್ಟು ಮಂದಿ ನಡುವೆಯೇ ಬಿಟ್ಟುಹೋದರು, ಅವರು ಯಾವ ಹಿನ್ನೆಲೆಯವರು ಎಂಬುದನ್ನು ತಿಳಿಸದ ಶೇಕಡಾವಾರು ಲೆಕ್ಕವನ್ನು ನಾನು ನೆಚ್ಚಲಾರೆ.

ಆದರೂ ಈ ಸಂಸ್ಥೆಯನ್ನು ಶಿಫಾರಸು ಮಾಡುತ್ತೇನೆ. ಸೇರಿಸುವ ಮೊದಲು ಕಾರ್ಯಾಗಾರವನ್ನು ನೋಡಿ, ಹುಡುಗಿಯರ ವಿಶ್ರಾಂತಿ ಕೊಠಡಿಯ ಬಗ್ಗೆಯೂ ವಿಚಾರಿಸಿ.