ಮೊದಲು ಟವರ್, ಮತ್ತೆ ಪ್ಲಾನ್, ಕೊನೆಗೆ ಫೋನ್: ಕಾಸರಗೋಡಿನ ತೋಟದ ಮನೆಗಳಿಗೆ ಅಗ್ಗದ ಮೊಬೈಲ್

ಹತ್ತು ಸಾವಿರದೊಳಗಿನ ಫೋನ್ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಫೋನ್ ಆರಿಸುತ್ತಾರೆ. ಆಮೇಲೆ ಅಂಗಡಿಯವರು ಹೇಳಿದ ಸಿಮ್ ಹಾಕಿಸುತ್ತಾರೆ, ಮನೆಗೆ ಬಂದ ಮೇಲೆ ರೇಂಜ್ ಹುಡುಕುತ್ತಾರೆ. ಕಾಸರಗೋಡು ಪೇಟೆಯಲ್ಲಿ ಅದು ನಡೆದೀತು. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು, ಪೈವಳಿಕೆ, ದೇಲಂಪಾಡಿ ಕಡೆಯ ಮನೆಗಳಿಗೆ ಈ ಕ್ರಮ ಪೂರ್ತಿ ತಲೆಕೆಳಗು. ಇಲ್ಲಿ ಮನೆ ತಗ್ಗಿನಲ್ಲಿ, ತೋಟ ಅದಕ್ಕಿಂತ ಕೆಳಗೆ, ಟವರ್ ಗುಡ್ಡದ ಆಚೆ. ಇಪ್ಪತ್ತು ಸಾವಿರದ ಫೋನೂ ಆ ಗುಡ್ಡವನ್ನು ಸರಿಸುವುದಿಲ್ಲ.

ಹಾಗಾಗಿ ಹಣ ಬಿಚ್ಚುವ ಮೊದಲು ಮನೆಯಲ್ಲೇ ರೇಂಜ್ ಅಳೆಯಿರಿ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ಅವನ್ನು ತೋರಿಸುತ್ತದೆ. ಆಂಡ್ರಾಯ್ಡ್ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಸಿಮ್ ಸ್ಟೇಟಸ್’ ಒತ್ತಿದರೆ ‘ಸಿಗ್ನಲ್ ಸ್ಟ್ರೆಂತ್’ ಎಂದು ಮೈನಸ್ ಸಂಖ್ಯೆಯೊಂದು ಕಾಣುತ್ತದೆ, ಅದರ ಮುಂದೆ ಡಿಬಿಎಂ ಎಂದಿರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 105ರವರೆಗೆ ಮಾತಿಗೆ ತೊಂದರೆ ಇಲ್ಲ. ಮೈನಸ್ 115 ದಾಟಿದರೆ ಕಾಲ್ ನಡುವೆ ಕಟ್ ಆಗುತ್ತದೆ, ಒಂದು ಕಡೆಯ ದನಿ ಮಾತ್ರ ಕೇಳುತ್ತದೆ. ಹತ್ತು ಅಂಕಿಯ ವ್ಯತ್ಯಾಸ ಸಣ್ಣದೆಂದು ತೋರಬಹುದು. ಆದರೆ ಮೈನಸ್ 105ರಲ್ಲಿ ಸಿಗುವ ಶಕ್ತಿ ಮೈನಸ್ 95ರಲ್ಲಿ ಸಿಗುವುದರ ಹತ್ತರಲ್ಲಿ ಒಂದು ಪಾಲು ಮಾತ್ರ.

ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಇರುವ ನೆರೆಕರೆಯವರನ್ನು ಒಮ್ಮೆ ಮನೆಗೆ ಕರೆಯಿರಿ. ಜಗಲಿಯಲ್ಲಿ, ಒಳಕೋಣೆಯಲ್ಲಿ, ತೋಟದ ಪಂಪು ಶೆಡ್ಡಿನ ಹತ್ತಿರ, ಮೂರೂ ಕಡೆ ಎಲ್ಲರ ಸಂಖ್ಯೆ ನೋಡಿ ಬರೆದಿಟ್ಟುಕೊಳ್ಳಿ. ಒಂದು ಸಲ ನೋಡಿದರೆ ಸಾಲದು, ಕರೆಂಟ್ ಹೋಗಿ ಎರಡು ಮೂರು ಗಂಟೆ ಕಳೆದ ಮೇಲೆ ಇನ್ನೊಮ್ಮೆ ನೋಡಿ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕತ್ತಲಾದಾಗ ಬ್ಯಾಟರಿ ಸಾಲದ ಟವರ್ ಮೊದಲು ಮಲಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಆ ಹೊತ್ತಿಗೆ ಉಳಿಯುವ ಟವರ್ ಯಾವುದು ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಒಂದೇ ಟವರಿನಿಂದ ಒಂದು ಕಂಪನಿಯ ರೇಂಜ್ ಬಂದು ಇನ್ನೊಂದರದು ಬಾರದಿರುವುದಕ್ಕೆ ಕಾರಣ ಬ್ಯಾಂಡ್, ಅಂದರೆ ಕಂಪನಿ ಬಳಸುವ ಅಲೆಯ ಆವರ್ತನ. ಅದರ ಮೆಗಾಹರ್ಟ್ಸ್ ಸಂಖ್ಯೆ ಕಡಿಮೆ ಇದ್ದಷ್ಟೂ ಅಲೆ ದೂರ ಹೋಗುತ್ತದೆ, ಗುಡ್ಡದ ಅಂಚಿನಲ್ಲಿ ಬಾಗಿ ಇಳಿಯುತ್ತದೆ, ಮುರಕಲ್ಲಿನ ಗೋಡೆಯನ್ನೂ ಒಂದಿಷ್ಟು ದಾಟುತ್ತದೆ. ಜಿಯೋದ 4ಜಿ 850, 1800, 2300 ಮೆಗಾಹರ್ಟ್ಸ್‌ಗಳಲ್ಲಿದೆ. ಒಳನಾಡಿನಲ್ಲಿ ಕೈಹಿಡಿಯುವುದು 850, ಅಂದರೆ ಬ್ಯಾಂಡ್ 5. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ 2025ರ ಸೆಪ್ಟೆಂಬರ್ 27ರಂದು ಅಧಿಕೃತವಾಗಿ ಉದ್ಘಾಟನೆಯಾಯಿತು. ಅದು ಮುಖ್ಯವಾಗಿ 700 ಮತ್ತು 2100ರಲ್ಲಿದೆ. 700 ಎಂದರೆ ಬ್ಯಾಂಡ್ 28. ಬಿಎಸ್‌ಎನ್‌ಎಲ್ ಸಿಮ್ ಹಾಕುವವರ ಫೋನ್‌ನಲ್ಲಿ ಬ್ಯಾಂಡ್ 28 ಇಲ್ಲದಿದ್ದರೆ ಟವರ್ ಕಣ್ಣೆದುರಿಗಿದ್ದರೂ ಪೂರ್ತಿ ಪ್ರಯೋಜನವಿಲ್ಲ. ಕೆಲವು ಹಳೆಯ 4ಜಿ ಫೋನ್‌ಗಳಲ್ಲಿ ಅದು ಇರುವುದಿಲ್ಲ. ಕಂಪನಿಯ ಸೈಟಿನಲ್ಲಿ ಆ ಮಾಡೆಲಿನ ‘ಎಲ್‌ಟಿಇ ಎಫ್‌ಡಿಡಿ’ ಸಾಲಿನಲ್ಲಿ, ಅಂದರೆ 4ಜಿ ಬ್ಯಾಂಡ್‌ಗಳ ಪಟ್ಟಿಯಲ್ಲಿ, ಬಿ1, ಬಿ3, ಬಿ5, ಬಿ8, ಬಿ28 ಇವೆಯೇ ಎಂದು ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ.

ಇನ್ನು ಪ್ಲಾನ್. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದವು. ಬಿಎಸ್‌ಎನ್‌ಎಲ್ ಆಗ ಏರಿಸಲಿಲ್ಲ, ಆದರೆ ಆಮೇಲೆ ಕೆಲವು ಪ್ಲಾನ್‌ಗಳ ದಿನಗಳನ್ನು ಕಡಿತ ಮಾಡಿತು. ಹಾಗಾಗಿ ದರವನ್ನು ದಿನಗಳಿಂದ ಭಾಗಿಸದೆ ಯಾವ ಪ್ಲಾನನ್ನೂ ಅಗ್ಗ ಎನ್ನಬೇಡಿ. 28 ದಿನದ ಪ್ಲಾನ್ ತಿಂಗಳ ಪ್ಲಾನ್ ಅಲ್ಲ, ವರ್ಷಕ್ಕೆ ಹದಿಮೂರು ಸಲ ಹಾಕಬೇಕು. ಜಿಯೋದ 299 ರೂಪಾಯಿಯ, ದಿನಕ್ಕೆ 1.5 ಜಿಬಿ ಪ್ಲಾನ್ 28 ದಿನಕ್ಕೆ. ಹದಿಮೂರು ಸಲಕ್ಕೆ 3,887 ರೂಪಾಯಿ. ಅದೇ 1.5 ಜಿಬಿ 84 ದಿನಕ್ಕೆ 799ರಲ್ಲಿ ಸಿಕ್ಕರೆ ದಿನಕ್ಕೆ ಒಂಬತ್ತೂವರೆ ರೂಪಾಯಿ, ವರ್ಷದಲ್ಲಿ ನಾನೂರು ರೂಪಾಯಿಗೂ ಹೆಚ್ಚು ಉಳಿಯುತ್ತದೆ. ಇವು 2025ರ ದರಗಳು. ಹಾಕುವ ದಿನ ಕಂಪನಿಯದೇ ಆಪ್‌ನಲ್ಲಿ ಇನ್ನೊಮ್ಮೆ ನೋಡಿ. ಕೆಲವು ಪಾವತಿ ಆಪ್‌ಗಳು ರೀಚಾರ್ಜಿನ ಮೇಲೆ ಒಂದೆರಡು ರೂಪಾಯಿ ಸೇರಿಸುತ್ತವೆ.

ಹೆಚ್ಚಿನವರಿಗೆ ಗೊತ್ತಿಲ್ಲದ, ಅಂಗಡಿಯವರೂ ತಾವಾಗಿ ಹೇಳದ ಒಂದು ಪ್ಲಾನ್ ಇದೆ. ಡೇಟಾ ಬೇಡದವರಿಗೆ ಮಾತು ಮತ್ತು ಎಸ್‌ಎಂಎಸ್ ಮಾತ್ರದ ಪ್ಲಾನ್ ಕೊಡಲೇಬೇಕೆಂದು ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. 2025ರ ಜನವರಿಯಲ್ಲಿ ಅವು ಬಂದವು. 2025ರ ದರ ಹೀಗಿತ್ತು: ಜಿಯೋದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1,748. ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, ಪೂರ್ತಿ 365 ದಿನಕ್ಕೆ 1,849. ದಿನಕ್ಕೆ ಐದು ರೂಪಾಯಿ ಚಿಲ್ಲರೆ. ಮನೆಯಲ್ಲಿ ಫೈಬರ್ ವೈಫೈ ಇದ್ದು, ಹೊರಗೆ ನೆಟ್ ಬಳಸದ ಅಜ್ಜ ಅಜ್ಜಿಯರಿಗೆ ಈ ಪ್ಲಾನ್ ಚೆನ್ನಾಗಿ ಹೊಂದುತ್ತದೆ. ಬ್ಯಾಂಕಿನ ಒಟಿಪಿ ಬರುತ್ತದೆ, ವಾಟ್ಸಾಪ್ ವೈಫೈಯಲ್ಲಿ ನಡೆಯುತ್ತದೆ.

ವೈಫೈ ಇರುವ ತಗ್ಗಿನ ಮನೆಗಳಿಗೆ ಇನ್ನೂ ಒಂದು ದೊಡ್ಡ ಉಪಕಾರ ಇದೆ: ವೈಫೈ ಕಾಲಿಂಗ್. ಟವರೇ ಸಿಗದ ಕೋಣೆಯಲ್ಲಿ ಮಾಮೂಲಿ ನಂಬರಿಗೆ ಬರುವ ಕಾಲ್ ವೈಫೈ ಮೂಲಕ ರಿಂಗಾಗುತ್ತದೆ, ಬೇರೆ ಆಪ್ ಬೇಡ, ಬೇರೆ ದರ ಇಲ್ಲ. ಸೆಟ್ಟಿಂಗ್ಸ್‌ನ ಸಿಮ್ ವಿಭಾಗದಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿದರೆ ಮುಗಿಯಿತು. ಆದರೆ ಎಲ್ಲ ಅಗ್ಗದ ಫೋನ್‌ಗಳಲ್ಲೂ, ಎಲ್ಲ ಕಂಪನಿಗಳ ಸಿಮ್‌ಗೂ ಈ ಆಯ್ಕೆ ತೆರೆಯುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಸಿಮ್ ಅನ್ನೇ ಅಂಗಡಿಯ ಡೆಮೊ ಫೋನ್‌ಗೆ ಹಾಕಿ ನೋಡಿ. ಕರೆಂಟ್ ಹೋದಾಗ ವೈಫೈಯೂ ಹೋಗುತ್ತದಲ್ಲ, ಅದಕ್ಕಾಗಿ ರೌಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟುಕೊಳ್ಳಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಎರಡನ್ನೂ ನೋಡಿಯೇ ತೆಗೆದುಕೊಳ್ಳಬೇಕು.

ಕೀಪ್ಯಾಡ್ ಫೋನೇ ಸಾಕು ಎನ್ನುವವರಿಗೆ ಜಿಯೋಭಾರತ್ ಇದೆ. 2023ರ ಜುಲೈಯಲ್ಲಿ 999 ರೂಪಾಯಿಗೆ ಬಂತು, ಆಗ ಪ್ಲಾನ್ 28 ದಿನಕ್ಕೆ 123 ರೂಪಾಯಿ, 14 ಜಿಬಿ ಡೇಟಾ ಸಹಿತ. ಅಗ್ಗವೇನೋ ಹೌದು, ಆದರೆ ಫೋನ್ ಜಿಯೋಗೆ ಮಾತ್ರ ಲಾಕ್ ಆಗಿದೆ. ಮನೆಯಲ್ಲಿ ಜಿಯೋ ರೇಂಜ್ ಇಲ್ಲದಿದ್ದರೆ ಅದು ಬರೀ ಗಡಿಯಾರ. ಜಿಯೋಗೆ 2ಜಿ ಟವರೇ ಇಲ್ಲ, ಹಾಗಾಗಿ ಹಳೆಯ 2ಜಿ ನೋಕಿಯಾಕ್ಕೆ ಜಿಯೋ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ. ಆ ಫೋನ್‌ಗಳಿಗೆ ಏರ್‌ಟೆಲ್ ಅಥವಾ ವಿಐ ಸರಿ. ಕೀಪ್ಯಾಡ್ ಫೋನ್‌ನಲ್ಲಿ ಕನ್ನಡ ಬರುತ್ತದೆಯೇ ಎಂದು ನೋಡಲು ಸುಲಭದ ದಾರಿ: ಅಂಗಡಿಯಲ್ಲೇ ಇನ್ನೊಂದು ಫೋನ್‌ನಿಂದ ‘ಬದಿಯಡ್ಕ, ಮುಳ್ಳೇರಿಯ, ಕುಂಬ್ಳೆ’ ಎಂದು ಎಸ್‌ಎಂಎಸ್ ಕಳುಹಿಸಿ. ಒತ್ತಕ್ಷರ ತನ್ನ ಜಾಗದಲ್ಲಿ, ಅಕ್ಷರದ ಕೆಳಗೆ ಕುಳಿತರೆ ಫಾಂಟ್ ಸರಿಯಿದೆ. ‘ಡ್’ ಬೇರೆ ‘ಕ’ ಬೇರೆಯಾಗಿ ನಿಂತರೆ, ಅಥವಾ ಚೌಕದ ಡಬ್ಬಿಗಳು ಬಂದರೆ, ಆ ಫೋನ್‌ನಲ್ಲಿ ನಿಮ್ಮ ಮನೆಯವರಿಗೆ ಕನ್ನಡದ ಸಂದೇಶ ಓದಲಾಗದು. ಬೇಡ ಎಂದು ಹಿಂದೆ ಕೊಡಿ.

ಸ್ಮಾರ್ಟ್‌ಫೋನ್‌ನಲ್ಲಿ ಕನ್ನಡಕ್ಕೆ ಅಂಥ ಅಡ್ಡಿ ಇಲ್ಲ. ಅಂಗಡಿಯಲ್ಲಿ ಫೋನ್ ತೆರೆದು ಕೊಡುವಾಗ ಇಂಗ್ಲಿಷ್ ಅಥವಾ ಮಲಯಾಳಕ್ಕೆ ಇಟ್ಟಿರುತ್ತಾರೆ. ‘ಸಿಸ್ಟಂ’ನ ‘ಭಾಷೆ’ಯಲ್ಲಿ ಕನ್ನಡವನ್ನು ಮೇಲಕ್ಕೆ ಎಳೆದರಾಯಿತು. ಜಿಬೋರ್ಡ್‌ನಲ್ಲಿ ಕನ್ನಡ ಕೈಬರಹದ ಆಯ್ಕೆಯನ್ನೂ ಸೇರಿಸಿ. ಟೈಪ್ ಮಾಡಲು ಹಿಂಜರಿಯುವ ಹಿರಿಯರು ಬೆರಳಲ್ಲಿ ಬರೆದರೆ ಅದು ಓದಿಕೊಳ್ಳುತ್ತದೆ.

ಅಗ್ಗದ 5ಜಿ ಫೋನ್‌ಗಳಲ್ಲಿ ಒಂದು ಗುಟ್ಟನ್ನು ಗಟ್ಟಿಯಾಗಿ ಹೇಳಲೇಬೇಕು. 5ಜಿ ಎರಡು ಬಗೆ: ತಾನೇ ಸ್ವತಂತ್ರವಾಗಿ ನಿಲ್ಲುವ ಎಸ್‌ಎ, 4ಜಿಯ ಹೆಗಲ ಮೇಲೆ ನಿಲ್ಲುವ ಎನ್‌ಎಸ್‌ಎ. ಜಿಯೋದ್ದು ಎಸ್‌ಎ. ಏರ್‌ಟೆಲ್ ಶುರು ಮಾಡಿದ್ದು ಎನ್‌ಎಸ್‌ಎಯಲ್ಲಿ. 2024ರ ಕೊನೆಗೆ ಬಂದ ರೆಡ್‌ಮಿ ಎ4 5ಜಿ, ಪೋಕೊ ಸಿ75 5ಜಿ ಎರಡರಲ್ಲೂ ಸ್ನ್ಯಾಪ್‌ಡ್ರ್ಯಾಗನ್ 4ಎಸ್ ಜೆನ್ 2 ಚಿಪ್ ಇದೆ, ಅವು ಎಸ್‌ಎ ಮಾತ್ರ ಹಿಡಿಯುತ್ತವೆ. ಜಿಯೋ ಸಿಮ್‌ಗೆ ಒಳ್ಳೆಯ ಫೋನ್‌ಗಳೇ. ಏರ್‌ಟೆಲ್‌ನ ಎನ್‌ಎಸ್‌ಎ ಇರುವಲ್ಲಿ ಅವುಗಳಲ್ಲಿ 4ಜಿಯೇ ಗತಿ. ಡಬ್ಬಿಯ ಮೇಲೆ ದಪ್ಪಕ್ಕೆ 5ಜಿ ಎಂದಷ್ಟೇ ಇರುತ್ತದೆ, ಈ ವಿವರ ಇರುವುದಿಲ್ಲ. ಜಿಯೋದಲ್ಲೂ ಮಿತಿಯಿಲ್ಲದ 5ಜಿ ಬೇಕಿದ್ದರೆ 2024ರ ಜುಲೈಯಿಂದ ದಿನಕ್ಕೆ 2 ಜಿಬಿ ಅಥವಾ ಅದಕ್ಕೆ ಮೇಲಿನ ಪ್ಲಾನ್ ಹಾಕಬೇಕು. ಊರಿಗೆ 5ಜಿ ಸರಿಯಾಗಿ ಬಾರದಿದ್ದರೆ ಆ ಹೆಚ್ಚಿನ ಹಣ ನಷ್ಟವೇ. ಆಗ ನೆಟ್‌ವರ್ಕ್ ಮೋಡ್ ಅನ್ನು 4ಜಿಗೆ ಇಟ್ಟುಬಿಡಿ, 5ಜಿ ಹುಡುಕುತ್ತ ಬ್ಯಾಟರಿ ಇಳಿಯುವುದೂ ನಿಲ್ಲುತ್ತದೆ.

ಬಹಳ ವರ್ಷ ಬಾಳಲಿ ಎನ್ನುವವರಿಗೆ 2025ರ ಫೆಬ್ರವರಿಯಲ್ಲಿ ಹತ್ತು ಸಾವಿರದ ಆಸುಪಾಸಿಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಫ್06 5ಜಿ ಒಳ್ಳೆಯ ಅಳತೆಗೋಲು: ನಾಲ್ಕು ವರ್ಷದ ಅಪ್‌ಡೇಟ್ ಭರವಸೆ, 128 ಜಿಬಿ ಜಾಗ, 5000 ಎಂಎಎಚ್ ಬ್ಯಾಟರಿ. ಚಾರ್ಜರ್ ಡಬ್ಬಿಯಲ್ಲಿ ಇಲ್ಲ, ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇರೆ ಯಾವುದೇ ಫೋನ್ ನೋಡುವಾಗಲೂ 64 ಜಿಬಿಗೆ ಒಪ್ಪಬೇಡಿ, ವಾಟ್ಸಾಪ್ ಫೋಟೋ ವಿಡಿಯೋಗಳೇ ಅದನ್ನು ತುಂಬಿಸಿಬಿಡುತ್ತವೆ. ‘8 ಜಿಬಿ ರ‍್ಯಾಮ್’ ಎಂಬ ಸ್ಟಿಕ್ಕರಿನ ಪಕ್ಕ ನಕ್ಷತ್ರದ ಗುರುತಿದ್ದರೆ ನಿಜವಾದ ರ‍್ಯಾಮ್ ನಾಲ್ಕೇ ಇರಬಹುದು. ಉಳಿದ ನಾಲ್ಕು ಸ್ಟೋರೇಜಿನಿಂದ ಕಡ ತಂದದ್ದು, ರ‍್ಯಾಮಿನಷ್ಟು ವೇಗ ಅದಕ್ಕಿಲ್ಲ. ಪರದೆಯನ್ನು ಅಂಗಡಿಯ ಲೈಟಿನ ಕೆಳಗೆ ನೋಡಬೇಡಿ, ಹೊರಗೆ ಬಿಸಿಲಿಗೆ ತಂದು ನೋಡಿ.

ತೋಟದ ಕೆಲಸಕ್ಕೆ ಒಯ್ಯುವ ಫೋನ್ ಕೆಡುವುದು ಹೆಚ್ಚಾಗಿ ಚಾರ್ಜಿಂಗ್ ತೂತಿನಿಂದ. ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ ಬೋರ್ಡೋ ದ್ರಾವಣದ ಹನಿ ಬಿದ್ದು ಒಣಗಿದರೆ ಸುಣ್ಣ, ಮೈಲುತುತ್ತದ ನೀಲಿ ಪುಡಿ ಒಳಗಿನ ಪಿನ್ನುಗಳಿಗೆ ಅಂಟುತ್ತದೆ, ಹಸಿ ಇರುವಾಗಲೇ ಚಾರ್ಜಿಗೆ ಹಾಕಿದರೆ ಪಿನ್ ಸುಟ್ಟು ಕಪ್ಪಾಗುತ್ತದೆ. ರಬ್ಬರಿನ ಮುಚ್ಚಳ ಇಪ್ಪತ್ತು ಮೂವತ್ತು ರೂಪಾಯಿಯದು, ಹಾಕಿಸಿ. ತುಲಾ ಮಾಸದ ಗುಡುಗು ಸಿಡಿಲಿಗೆ ಚಾರ್ಜರನ್ನು ಪ್ಲಗ್ಗಿನಿಂದ ತೆಗೆದಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಗಡಿಯವರಿಗೆ ಮತ್ತೊಂದು ಮಾತು. ತಲಪಾಡಿ, ಮಂಜೇಶ್ವರ, ಪೆರ್ಲ, ದೇಲಂಪಾಡಿ ಕಡೆ ಕೇರಳದ ಸಿಮ್ ಕೆಲವೊಮ್ಮೆ ಕರ್ನಾಟಕದ ಟವರಿಗೆ ಹಾರುತ್ತದೆ. ಕಾಲ್ ನಡೆಯುತ್ತದೆ, ನೆಟ್ ಮಾತ್ರ ನಿಲ್ಲುತ್ತದೆ. ಫೋನ್ ಕೆಟ್ಟಿತೆಂದು ರಿಪೇರಿಗೆ ಓಡಬೇಡಿ. ‘ಡೇಟಾ ರೋಮಿಂಗ್’ ಆನ್ ಮಾಡಿ. ಈಗಿನ ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲಿ ದೇಶದೊಳಗಿನ ರೋಮಿಂಗ್‌ಗೆ ಬೇರೆ ದರ ಇಲ್ಲ. ವಾರಂಟಿಯೂ ದೇಶಕ್ಕೆಲ್ಲ ಒಂದೇ, ಉಪ್ಪಳದವರಿಗೆ ಮಂಗಳೂರಿನ ಸರ್ವಿಸ್ ಸೆಂಟರ್ ಹತ್ತಿರವಾದರೆ ಅಲ್ಲಿಗೇ ಹೋಗಬಹುದು. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬರೆದ ಜಿಎಸ್‌ಟಿ ಬಿಲ್ ಇರಲಿ. ಸೆಕೆಂಡ್ ಹ್ಯಾಂಡ್ ಆದರೆ ಹಣ ಕೊಡುವ ಮೊದಲು *#06# ಒತ್ತಿ, ‘ಕೆವೈಎಂ’ (KYM) ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು, ಬಂದ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕಳವಿನ ಫೋನ್ ಎಂದು ಬ್ಲಾಕ್ ಆಗಿದ್ದರೆ ಅಲ್ಲೇ ತಿಳಿಯುತ್ತದೆ.

ರೇಂಜ್ ಅಳೆದ ಮೇಲೆ ಕಂಪನಿ ಬದಲಿಸಬೇಕೆಂದಾದರೆ ನಂಬರ್ ಬಿಡಬೇಕಿಲ್ಲ. ‘ಪೋರ್ಟ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ಹತ್ತಂಕಿಯ ನಂಬರ್ ಸೇರಿಸಿ 1900ಕ್ಕೆ ಕಳುಹಿಸಿ. ಬರುವ ಎಂಟಕ್ಷರದ ಕೋಡನ್ನು ಹೊಸ ಕಂಪನಿಯವರಿಗೆ ಕೊಡಬೇಕು, ಅದು ನಾಲ್ಕು ದಿನ ಊರ್ಜಿತ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಕೇರಳದೊಳಗೇ ಆದರೆ ಮೂರು ಕೆಲಸದ ದಿನ, ಕೇರಳದಿಂದ ಕರ್ನಾಟಕಕ್ಕೆ ಆದರೆ ಐದು. ಹಳೆಯ ಪ್ಲಾನಿನ ಉಳಿದ ದಿನಗಳು ಹೋಗಿಬಿಡುತ್ತವೆ, ಆದ್ದರಿಂದ ವ್ಯಾಲಿಡಿಟಿ ಮುಗಿಯಲು ಒಂದು ವಾರ ಇರುವಾಗ ಶುರು ಮಾಡಿ. ಹಳೆಯ ಬಿಎಸ್‌ಎನ್‌ಎಲ್ ಸಿಮ್ ಅನ್ನು 4ಜಿಗೆ ಬದಲಿಸಿದರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಅಂದರೆ ಒಟಿಪಿಯೂ ಇಲ್ಲ. ಸೊಸೈಟಿಗೋ ಬ್ಯಾಂಕಿಗೋ ಹಣ ಕಟ್ಟುವ ಕೆಲಸ ಇದ್ದರೆ ಹಿಂದಿನ ದಿನವೇ ಮುಗಿಸಿ, ಆಮೇಲೆ ಸಿಮ್ ಬದಲಿಸಲು ಹೋಗಿ.