ಕ್ವಾಂಟಮ್ ಕಂಪನಿಯ ಕಣ್ಣಲ್ಲಿ ಎಲಿವೇಟ್ ಅನುದಾನ

ಪರಮಾಣು, ಬೆಳಕಿನ ಕಣಗಳಂಥ ಅತಿ ಸೂಕ್ಷ್ಮ ಜಗತ್ತಿನ ನಿಯಮಗಳನ್ನು ಬಳಸುವ ಕ್ವಾಂಟಮ್ ಉಪಕರಣಗಳನ್ನು ಬೆಂಗಳೂರಿನಲ್ಲಿ ತಯಾರಿಸಲು ಹೊರಟ ಸಣ್ಣ ಕಂಪನಿಗೆ ಹತ್ತಿರದ ಆಸರೆ ಎಂದರೆ ರಾಜ್ಯ ಐಟಿ-ಬಿಟಿ ಇಲಾಖೆಯ ಎಲಿವೇಟ್ ಯೋಜನೆ. 2017ರಲ್ಲಿ ಆರಂಭವಾದ ಈ ಯೋಜನೆ, ತೀರ್ಪುಗಾರರ ಪರಿಶೀಲನೆಯಲ್ಲಿ ಆಯ್ಕೆಯಾದ ಕಂಪನಿಗೆ ಗರಿಷ್ಠ 50 ಲಕ್ಷ ರೂಪಾಯಿಯನ್ನು ಕಂತುಗಳಲ್ಲಿ ಕೊಡುತ್ತದೆ. ಇದು ಸಾಲವಲ್ಲ, ಪ್ರತಿಯಾಗಿ ಸರ್ಕಾರ ಷೇರನ್ನೂ ಕೇಳುವುದಿಲ್ಲ. ಮಾರುವ ವಸ್ತು ಕೈಗೆ ಬರಲು ಐದಾರು ವರ್ಷ ಹಿಡಿಯುವ ಈ ಕ್ಷೇತ್ರದಲ್ಲಿ, ಮೊದಲ ವರ್ಷದಲ್ಲೇ ಕಂಪನಿಯ ಪಾಲನ್ನು ಅಗ್ಗಕ್ಕೆ ಬಿಟ್ಟುಕೊಡುವ ಅನಿವಾರ್ಯತೆ ತಪ್ಪುತ್ತದೆ ಎಂಬುದೇ ನನ್ನ ದೃಷ್ಟಿಯಲ್ಲಿ ಇದರ ಅತಿ ದೊಡ್ಡ ಗುಣ.

ಆ ಹಣ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ನನ್ನ ಕೆಲಸದ ಮೇಜಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಕ್ವಾಂಟಮ್ ಸಂವೇದಕಗಳಲ್ಲಿ ಬಳಸುವ ರುಬಿಡಿಯಂ ಲೋಹದ ಪರಮಾಣುಗಳನ್ನು ತಣಿಸಲು 780 ನ್ಯಾನೋಮೀಟರ್ ಲೇಸರ್ ಬೇಕು. ಆ ಲೇಸರ್ ಬೆಳಕನ್ನು ಹೊಮ್ಮಿಸುವ ಪುಟ್ಟ ಬಿಡಿಭಾಗವಾದ ಡಯೋಡಿನ ತಾಪಮಾನ ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗದಷ್ಟು ಬದಲಾದರೂ ಬೆಳಕಿನ ಆವರ್ತನ ಜಾರಿ, ಪರಮಾಣು ಅದನ್ನು ಹೀರುವುದನ್ನೇ ನಿಲ್ಲಿಸಿಬಿಡಬಹುದು. ಡಯೋಡನ್ನು ಕೂರಿಸುವ ತಾಮ್ರದ ತುಂಡನ್ನು ನಾವು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕಡೆಸಿದೆವು. ಮೊದಲೆರಡು ಸಲ ಅದರ ಮೇಲ್ಮೈ ಸಮತಟ್ಟಾಗಿರಲಿಲ್ಲ. ಮೂರನೆಯದು ಮಾತ್ರ ಕೂದಲೆಳೆಯೂ ತೂರದಂತೆ ಕುಳಿತುಕೊಂಡಿತು. ಹಾಳಾದ ಆ ಎರಡು ತುಂಡುಗಳ ಖರ್ಚನ್ನು ಯಾವ ಬ್ಯಾಂಕೂ ಭರಿಸುವುದಿಲ್ಲ. ಪ್ರಯತ್ನಿಸಿ, ಕೆಡಿಸಿ, ಮತ್ತೆ ಮಾಡುವ ಇಂಥ ಹಂತಕ್ಕೆ 50 ಲಕ್ಷ ನಿಜವಾಗಿಯೂ ದೊಡ್ಡ ಮೊತ್ತ. ಕ್ವಾಂಟಮ್ ತಂತ್ರಾಂಶ ಬರೆಯುವ ತಂಡವಾದರೆ ಅದರಲ್ಲಿ ಒಂದೂವರೆ ವರ್ಷದ ಸಂಬಳವನ್ನೇ ಸರಿದೂಗಿಸಬಹುದು.

ಆದರೆ ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕವಾದ, ವಿದ್ಯುತ್ತಿಗೆ ತಡೆಯೇ ಒಡ್ಡದ ಅತಿವಾಹಕ ವಸ್ತುವಿನ ಕ್ಯೂಬಿಟ್‌ಗಳ ಕಡೆ ಹೊರಟವರಿಗೆ ಲೆಕ್ಕ ಕೂಡುವುದಿಲ್ಲ. ಅವರ ಚಿಪ್ಪನ್ನು ನಿರಪೇಕ್ಷ ಶೂನ್ಯಕ್ಕಿಂತ, ಅಂದರೆ ಸಾಧ್ಯವಿರುವ ಅತಿ ಕಡಿಮೆ ತಾಪಮಾನಕ್ಕಿಂತ, ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು ಮಾತ್ರ ಮೇಲಿರುವ ತಂಪಿನಲ್ಲಿ ಇಡಬೇಕು. ಅದಕ್ಕೆ ಬೇಕಾದ ಡೈಲ್ಯೂಶನ್ ರೆಫ್ರಿಜರೇಟರ್ ಒಂದರ ಬೆಲೆಯೇ ಕೋಟಿಗಳಲ್ಲಿದೆ, ಬರುವುದೂ ಹೊರದೇಶದಿಂದ. ಎಲ್ಲ ಕ್ಷೇತ್ರಗಳಿಗೂ ಒಂದೇ ಗರಿಷ್ಠ ಮಿತಿ ಇಟ್ಟಿರುವುದು ಇಲ್ಲಿ ಯೋಜನೆಯ ಸ್ಪಷ್ಟ ಕೊರತೆ.

ಕಂತುಗಳ ವಿಷಯದಲ್ಲೂ ಎಚ್ಚರ ಬೇಕು. ಈ ಹಿಂದೆ ಬೇರೊಂದು ಸಂಸ್ಥೆಯಿಂದ ನಾವು ಪಡೆದ ಸಣ್ಣ ಅನುದಾನದಲ್ಲಿ, ಹಣ ಬಳಕೆಯ ಪ್ರಮಾಣಪತ್ರ ಸಲ್ಲಿಸಿದ ಮೇಲೂ ಎರಡನೆಯ ಕಂತಿಗೆ ಐದು ತಿಂಗಳು ಕಾಯಬೇಕಾಯಿತು; ಅಷ್ಟರಲ್ಲಿ ನಮ್ಮ ಒಬ್ಬ ಒಳ್ಳೆಯ ಇಂಜಿನಿಯರ್ ಬೇರೆ ಕೆಲಸಕ್ಕೆ ಹೋದರು. ಆ ನೋವು ಇನ್ನೂ ಇದೆ. ಯಾವ ಅನುದಾನವನ್ನೇ ಆಗಲಿ, ಆರು ತಿಂಗಳ ಸಂಬಳವನ್ನು ಬೇರೆಯಾಗಿ ತೆಗೆದಿಟ್ಟುಕೊಂಡೇ ಸ್ವೀಕರಿಸುವುದು ಒಳಿತು.

ಕೇಂದ್ರದ ಕಡೆ ನೋಡಿದರೆ, 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮೀಸಲಾಗಿದೆ. 2024ರ ನವೆಂಬರ್‌ನಲ್ಲಿ ಅದರ ನೆರವಿಗೆ ಆಯ್ಕೆಯಾದ ಎಂಟು ಕಂಪನಿಗಳ ಪೈಕಿ ಕ್ಯೂನು ಲ್ಯಾಬ್ಸ್, ಕ್ಯೂಪೈಎಐ ಮತ್ತು ಕ್ವಾನ್‌ಟುಡಿ ಬೆಂಗಳೂರಿನವು. ಆ ಮಟ್ಟಕ್ಕೆ ಏರುವ ಮೊದಲು ಕೈಯಲ್ಲಿ ಒಂದು ಮಾದರಿ ಇರಬೇಕು, ಮತ್ತು ಆ ಮಾದರಿ ಮಾಡಿಕೊಳ್ಳಲು ಎಲಿವೇಟ್‌ಗಿಂತ ಹೊಂದುವ ಹಣವನ್ನು ನಾನು ಕಂಡಿಲ್ಲ. 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ರಾಜ್ಯದ್ದೇ ಆದ ಕ್ವಾಂಟಮ್ ಮಿಷನ್‌ಗೆ 1,000 ಕೋಟಿ ರೂಪಾಯಿ ಘೋಷಿಸಿದ್ದಾರೆ. ಅದರಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳು ಬಾಡಿಗೆಗೆ ಬಳಸಬಹುದಾದ ಶೀತಲ ಪ್ರಯೋಗಾಲಯಕ್ಕೆ ಇಟ್ಟರೆ 50 ಲಕ್ಷದ ಬೆಲೆಯೇ ಹೆಚ್ಚುತ್ತದೆ.

ಅಲ್ಲಿಯವರೆಗೆ ಲೇಸರ್, ನಿಯಂತ್ರಣ ಎಲೆಕ್ಟ್ರಾನಿಕ್ಸ್, ಸಂವೇದಕ ಮತ್ತು ತಂತ್ರಾಂಶದವರು ಹಿಂಜರಿಯದೆ ಅರ್ಜಿ ಹಾಕಲಿ. ಕ್ಯೂಬಿಟ್ ಚಿಪ್ಪಿನವರು ಮಾತ್ರ, ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಉಪಕರಣ ಬಳಸಲು ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ತೀರ್ಪುಗಾರರ ಮುಂದೆ ಕೂರಲಿ.